ಇನ್ನೊಬ್ಬರನ್ನು ಗೆಲ್ಲಿಸೋಕೆ ಸೈಕಲ್ ತುಳಿಯೋದು: ಮಗನಿಗೆ ಏನಂತ ಹೇಳಲಿ?

ಪಂಕ್ಚರ್‌ಅಮ್ಮ:
ಎಲ್ಲರಿಗೂ ನಮಸ್ಕಾರ. ನಾನು ಸೈಕಲ್ ಹೊಡೆಯುವವಳಲ್ಲ, ಹೊಡೆಯುವವನ ಅಮ್ಮ. ಮಗನಿಗೆ 15 ವರ್ಷ. ಎರಡು ವರ್ಷದಿಂದ ಒಂದು ಕ್ಲಬ್‌ಗೆ ಹೋಗುತ್ತಿದ್ದಾನೆ, ಹೆಸರು ಬೇಡ. ಕಳೆದ ಭಾನುವಾರ ರೇಸ್ ಇತ್ತು. ಕೋಚ್ ಬೆಳಿಗ್ಗೆ ಇವನನ್ನು ಪಕ್ಕಕ್ಕೆ ಕರೆದು, ನೀನು ಅರ್ಧ ದಾರಿ ತನಕ ಮುಂದೆ ಎಳಿ, ಕೊನೆಗೆ ಕ್ಲಬ್‌ನ ಇನ್ನೊಬ್ಬ ಹುಡುಗ ಗೆಲ್ಲೋಕೆ ಹೋಗ್ತಾನೆ ಅಂದರಂತೆ. ಇವನು ಎಳೆದ. ಅವನಿಗೆ ಮೆಡಲ್ ಬಂತು. ಇವನು 23ನೆಯವನು. ಮನೆಗೆ ಬಂದವನೇ ಹೆಲ್ಮೆಟ್ ಸೋಫಾ ಮೇಲೆ ಎಸೆದು ಬಾಗಿಲು ಹಾಕಿಕೊಂಡ. ರಾತ್ರಿ ಊಟಕ್ಕೆ ಕರೆದರೆ, "ಅಮ್ಮ, ಕ್ರಿಕೆಟ್‌ನಲ್ಲಿ ಯಾರಾದರೂ ಇನ್ನೊಬ್ಬನ ಸೆಂಚುರಿಗೋಸ್ಕರ ತಾನು ಔಟ್ ಆಗ್ತಾರಾ?" ಅಂತ ಕೇಳಿದ. ನನಗೆ ಉತ್ತರ ಗೊತ್ತಾಗಲಿಲ್ಲ.

ಸೈಕ್ಲಿಂಗ್‌ನಲ್ಲಿ ಇದು ಮಾಮೂಲಿ, ದೊಡ್ಡ ರೇಸ್‌ಗಳಲ್ಲೂ ಹೀಗೇ ಅಂತ ಕೋಚ್ ಹೇಳುತ್ತಾರೆ. ನಿಜವಾ? ದುಡ್ಡು ತಗೊಂಡು ಇಡೀ ಜೀವನ ಇದನ್ನೇ ಮಾಡುವವರು ಇದ್ದಾರಾ? ಬಲ್ಲವರು ತಿಳಿಸಿ.

ಕಾಫಿ_ಆಮೇಲೆ:
ಮೇಡಂ, ಇದ್ದಾರೆ. ಫ್ರೆಂಚ್‌ನಲ್ಲಿ ದೊಮೆಸ್ತಿಕ್ ಅಂತಾರೆ. ತಂಡದ ಎಂಟು ಜನರಲ್ಲಿ ಆರೇಳು ಜನ ಅವರೇ. ನೀವು ಟಿವಿಯಲ್ಲಿ ನೋಡುವ ಕೈ ಎತ್ತಿದವನು ಒಬ್ಬ, ಅವನನ್ನು ಅಲ್ಲಿಯವರೆಗೆ ತಂದು ಬಿಟ್ಟವರು ಉಳಿದವರು.

ಗಾಳಿ ವಿಷಯ ಅರ್ಥವಾದರೆ ಎಲ್ಲಾ ಅರ್ಥವಾಗುತ್ತದೆ. ನಾನು ಭಾನುವಾರ ನಂದಿ ಬೆಟ್ಟದ ಕಡೆ ಹೋಗುವವಳು. ದೇವನಹಳ್ಳಿ ದಾಟಿದ ಮೇಲೆ ಎದುರುಗಾಳಿ ಶುರುವಾದರೆ ಒಬ್ಬಳೇ 25ರ ಸ್ಪೀಡಿನಲ್ಲಿ ಹೋಗೋದೂ ಕಷ್ಟ. ಯಾರದಾದರೂ ಹಿಂದಿನ ಚಕ್ರಕ್ಕೆ ಅಂಟಿಕೊಂಡರೆ 30ರಲ್ಲಿ ಮಾತಾಡಿಕೊಂಡು ಹೋಗುತ್ತೇನೆ. ನಾಚಿಕೆಯಾಗುತ್ತದೆ, ಆದರೂ ಅಂಟಿಕೊಳ್ಳುತ್ತೇನೆ.

ಲೆಕ್ಕದ_ಮೇಷ್ಟ್ರು:
ಇದಕ್ಕೆ ಲೆಕ್ಕವೂ ಇದೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಬರ್ಟ್ ಬ್ಲೋಕನ್ ಅಂತ ಒಬ್ಬ ಪ್ರೊಫೆಸರ್ 2018ರಲ್ಲಿ 121 ಜನರ ಗುಂಪಿನ ಮಾದರಿ ಮಾಡಿ ಗಾಳಿ ಸುರಂಗದಲ್ಲೂ ಕಂಪ್ಯೂಟರ್‌ನಲ್ಲೂ ಅಳೆದರು. ಗುಂಪಿನ ಒಳಗೆ ಆಳದಲ್ಲಿ ಇರುವವನಿಗೆ ತಗುಲುವ ಗಾಳಿಯ ತಡೆ, ಒಂಟಿಯಾಗಿ ಅಷ್ಟೇ ವೇಗದಲ್ಲಿ ಹೋಗುವವನಿಗೆ ತಗುಲುವುದರ 5ರಿಂದ 10% ಮಾತ್ರ. ಅಂದರೆ ಹತ್ತರಲ್ಲಿ ಒಂದು ಪಾಲೂ ಇಲ್ಲ ಅನ್ನಿ.

ಈಗ ಯೋಚನೆ ಮಾಡಿ. 250 ಕಿಲೋಮೀಟರ್ ರೇಸ್. ನಾಯಕ 200 ಕಿಲೋಮೀಟರ್ ಒಳಗೆ ಕೂತು ಬಂದ. ಅಷ್ಟೂ ಹೊತ್ತು ಮುಂದೆ ಎದೆ ಕೊಟ್ಟವನು ಇನ್ನೊಬ್ಬ. ಕೊನೆಗೆ ಇಬ್ಬರೂ ಓಟಕ್ಕೆ ಬಿದ್ದರೆ ಯಾರು ಗೆಲ್ಲುತ್ತಾರೆ? ಕಾಲಲ್ಲಿ ಶಕ್ತಿ ಉಳಿಸಿಕೊಂಡವನು. ಕ್ರಿಕೆಟ್ ಹೋಲಿಕೆ ಇಲ್ಲಿ ಕೂರುವುದಿಲ್ಲ. ಅಲ್ಲಿ ಒಬ್ಬನ ಆಯಾಸವನ್ನು ಇನ್ನೊಬ್ಬ ತೆಗೆದುಕೊಳ್ಳೋಕೆ ಆಗೋದಿಲ್ಲ. ಸೈಕಲ್‌ನಲ್ಲಿ ಆಗುತ್ತದೆ. ಅದಕ್ಕೇ ಈ ಕೆಲಸ ಹುಟ್ಟಿದ್ದು.

ನೇರ_ಮಾತು:
ದೊಮೆಸ್ತಿಕ್ ಅಂದರೆ ಆಳು, ಮನೆಕೆಲಸದವನು. ಹೆಸರಲ್ಲೇ ಇದೆ ಎಲ್ಲಾ. ಒಬ್ಬನ ಹೆಸರು ಪೇಪರ್‌ನಲ್ಲಿ ಬರಲಿ ಅಂತ ಏಳು ಜನ ಬೆವರು ಸುರಿಸೋದು. ಇದನ್ನು ನೀವು ತಂಡದ ಆಟ ಅಂತ ಕರೆಯಬಹುದು, ನಾನು ಜೀತ ಅಂತೀನಿ. ಅದರಲ್ಲೂ 15 ವರ್ಷದ ಹುಡುಗನ ಮೇಲೆ!

ಹಿಂದಿನ_ಚಕ್ರ:
ನೇರ ಮಾತು ಅವರೇ, ಹೆಸರಿನ ಕಥೆ ನೀವು ಅಂದುಕೊಂಡಿದ್ದಕ್ಕಿಂತ ಮಜವಾಗಿದೆ. ಅದು ಬೈಗುಳವಾಗಿಯೇ ಶುರುವಾಗಿದ್ದು. 1911ರ ಟೂರ್ ದ ಫ್ರಾನ್ಸ್, ಅಂದರೆ ಹಂತ ಹಂತವಾಗಿ ವಾರಗಟ್ಟಲೆ ನಡೆಯುವ ದೊಡ್ಡ ರೇಸ್. ಮೊರಿಸ್ ಬ್ರೊಕೊ ಅನ್ನುವವನಿಗೆ ತಾನು ಗೆಲ್ಲುವ ಆಸೆ ಮುಗಿದಿತ್ತು, ಹಾಗಾಗಿ ಫ್ರಾಂಸ್ವಾ ಫಾಬೆರ್‌ಗೆ ದುಡ್ಡಿಗೆ ಎಳೆದುಕೊಡೋಕೆ ಒಪ್ಪಿಕೊಂಡ. ಟೂರ್ ನಡೆಸುತ್ತಿದ್ದ ಆಂರಿ ದೆಗ್ರಾಂಜ್‌ಗೆ ಸಿಟ್ಟು ಬಂತು. ಅವರ ಪ್ರಕಾರ ರೇಸ್ ಅಂದರೆ ಒಬ್ಬೊಬ್ಬನೇ ಹೋರಾಡಬೇಕು. ಇವನು ಬರೀ ಆಳು ಅಂತ ಪೇಪರ್‌ನಲ್ಲಿ ಬರೆದರು. ಆಮೇಲೆ ಬ್ರೊಕೊ ಏನು ಮಾಡಿದ ಗೊತ್ತಾ? ಪಿರನೀಸ್ ಬೆಟ್ಟಗಳ ಮೇಲೆ ಎಲ್ಲರನ್ನೂ ಹಿಂದೆ ಹಾಕಿ ಬಯೋನ್‌ಗೆ ಮೊದಲು ಬಂದ. ಅಷ್ಟು ತಾಕತ್ತು ಇದ್ದವನು ಅದಕ್ಕೂ ಮುಂಚೆ ಬೇಕಂತಲೇ ನಿಧಾನವಾಗಿ ಬಂದಿದ್ದಾನೆ ಅಂತ ದೆಗ್ರಾಂಜ್ ಅವನನ್ನು ರೇಸ್‌ನಿಂದಲೇ ಹೊರಗೆ ಹಾಕಿದರು! ಸೋತರೂ ತಪ್ಪು, ಗೆದ್ದರೂ ತಪ್ಪು. ಬೈಗುಳ ಮಾತ್ರ ಉಳಿಯಿತು, ಈಗ ಅದು ಕೆಲಸದ ಹೆಸರು.

ಪಂಕ್ಚರ್‌ಅಮ್ಮ ಅವರೇ, ನಿಮ್ಮ ಮಗನಿಗೆ ಒಬ್ಬನ ಬಗ್ಗೆ ಹೇಳಿ. ಮ್ಯಾಥ್ಯೂ ಹೇಮನ್. ಸಂಜೆ ಕೂತು ಬರೆಯುತ್ತೇನೆ, ಈಗ ಆಫೀಸಿನಲ್ಲಿ ಇದ್ದೀನಿ.

ಬಿಜಾಪುರ_ಗಾಳಿ:
ಅಕ್ಕಾರ, ನಮ್ಮ ಕಡೆ ಇದೆಲ್ಲ ಸಣ್ಣವರಿದ್ದಾಗಿಂದ ನೋಡಿದ್ದು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸ್ ಅಂದರೆ ಹುಚ್ಚು. ಜೋಳದ ಹೊಲದ ನಡುವೆ ನೆಟ್ಟಗೆ ರಸ್ತೆ, ಮರ ಇಲ್ಲ, ಗಾಳಿ ಅಂದರೆ ಗಾಳಿ. ನಾನೂ ಐದು ವರ್ಷ ಹೊಡೆದೆ. ನಾನೂ ಎಳೆಯುವವನೇ. ನನ್ನ ಹಿಂದೆ ಕೂತವನು ನ್ಯಾಷನಲ್ಸ್ ಮೆಡಲ್ ತಂದ, ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ನಾನು ಅರ್ಜಿ ಹಾಕಿದರೆ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದರು. ಎಳೆದಿದ್ದಕ್ಕೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಅವನ ಮೇಲೆ ಸಿಟ್ಟಿಲ್ಲ, ಅವನು ಈಗಲೂ ಗೆಳೆಯ. ನನ್ನ ತಂಗಿ ಮದುವೆಗೆ ಅವನೇ ಮುಂದೆ ನಿಂತು ಮಾಡಿದ. ಆದರೂ ಹೊಟ್ಟೆಯಲ್ಲಿ ಒಂದು ಕಲ್ಲು ಇದೆ.

ನಮಗೆ ಇಷ್ಟವಾಗಿದ್ದು ಟೀಮ್ ಟೈಮ್ ಟ್ರಯಲ್. ನಾಲ್ಕು ಜನ ಪಾಳಿ ಪ್ರಕಾರ ಎಳೀಬೇಕು, ಗೆದ್ದರೆ ನಾಲ್ಕು ಜನಕ್ಕೂ ಮೆಡಲ್.

ನೇರ_ಮಾತು:
ಇದನ್ನೇ ನಾನು ಹೇಳಿದ್ದು.

ಲೆಕ್ಕದ_ಮೇಷ್ಟ್ರು:
ಬಿಜಾಪುರದವರು ಹೇಳಿದ್ದು ಯುರೋಪಿನಲ್ಲೂ ಹಾಗೇ ಇದೆ, ಬೇರೆ ರೂಪದಲ್ಲಿ. ಸೈಕ್ಲಿಂಗ್‌ನ ಜಾಗತಿಕ ಸಂಸ್ಥೆ ಯುಸಿಐ ತಂಡಗಳಿಗೆ ಅಂಕದ ಲೆಕ್ಕ ಇಡುತ್ತದೆ. 2020ರಿಂದ 2022ರವರೆಗಿನ ಮೂರು ವರ್ಷದ ಅಂಕ ಕೂಡಿ, ಕೆಳಗೆ ಬಿದ್ದ ತಂಡಗಳನ್ನು ಮೇಲಿನ ದರ್ಜೆಯಿಂದ ಇಳಿಸಿದರು. ಲೊಟ್ಟೊ ಮತ್ತು ಇಸ್ರೇಲ್ ತಂಡಗಳು ಇಳಿದವು. ಆಗ ತಂಡದ ಮೊದಲ 10 ಜನರ ಅಂಕ ಮಾತ್ರ ಲೆಕ್ಕ, 2023ರಿಂದ 20 ಜನರದ್ದು. ಎಳೆಯುವವನು ಕೆಲಸ ಮುಗಿಸಿ 90ನೆಯವನಾಗಿ ಬಂದರೆ ಅವನ ಹೆಸರಿನ ಮುಂದೆ ಸೊನ್ನೆ. ತಂಡದ ಮ್ಯಾನೇಜರ್‌ಗೆ ಅವನ ಬೆಲೆ ಗೊತ್ತು, ಆದರೆ ಕಾಗದದ ಮೇಲೆ ತೋರಿಸೋಕೆ ಏನೂ ಇಲ್ಲ. ಅದರ ಮೇಲೆ 2018ರಿಂದ ದೊಡ್ಡ ಟೂರ್‌ಗಳಲ್ಲಿ ತಂಡಕ್ಕೆ 9ರ ಬದಲು 8 ಜನ. ಕಡಿಮೆಯಾದ ಆ ಒಂದು ಜಾಗ ನಾಯಕನದ್ದಂತೂ ಅಲ್ಲ.

ಹಿಂದಿನ_ಚಕ್ರ:
ಬಂದೆ. ಉದ್ದ ಆಗುತ್ತೆ, ಕ್ಷಮಿಸಿ.

ಹೇಮನ್ ಆಸ್ಟ್ರೇಲಿಯಾದವನು, 1978ರಲ್ಲಿ ಹುಟ್ಟಿದ್ದು. 2000ನೇ ಇಸವಿಯಲ್ಲಿ ನೆದರ್ಲೆಂಡ್ಸ್‌ನ ರಾಬೊಬ್ಯಾಂಕ್ ತಂಡ ಸೇರಿದ. ಹತ್ತು ವರ್ಷ ಅಲ್ಲೇ. ಆಮೇಲೆ ನಾಲ್ಕು ವರ್ಷ ಬ್ರಿಟನ್ನಿನ ಸ್ಕೈ, 2014ರಿಂದ ಆಸ್ಟ್ರೇಲಿಯಾದ ಒರಿಕಾ ತಂಡ. ಹುಡುಗ ಎತ್ತರ, ದಪ್ಪ ಮೂಳೆ. ಬೆಟ್ಟ ಹತ್ತುವ ಮೈಯಲ್ಲ. ಬೆಲ್ಜಿಯಂ, ಉತ್ತರ ಫ್ರಾನ್ಸ್‌ನ ಗಾಳಿ ಮಳೆ ರಸ್ತೆಗಳಿಗೆ ಮಾಡಿಸಿದ ಹಾಗೆ. ಕಾಮನ್‌ವೆಲ್ತ್ ಚಿನ್ನ ಒಂದಿತ್ತು, 2006ರಲ್ಲಿ ಮೆಲ್ಬರ್ನ್‌ನಲ್ಲಿ. 2011ರಲ್ಲಿ ಪ್ಯಾರಿಸ್-ಬೂರ್ಜ್ ಗೆದ್ದಿದ್ದ. ಅವನ ನಿಜವಾದ ಉದ್ಯೋಗ ಮಾತ್ರ ಬೇರೆಯವರಿಗೆ ಗಾಳಿ ತಡೆಯೋದು.

ಕೆಲಸ ಹೇಗಿರುತ್ತೆ ಅಂದರೆ, ರೇಸ್ ಶುರುವಾದ ಕೂಡಲೇ ಯಾರೋ ನಾಲ್ಕು ಜನ ಓಡಿ ಹೋಗುತ್ತಾರೆ. ಅವರನ್ನು ಪೂರ್ತಿ ಬಿಡಬಾರದು, ಬೇಗ ಹಿಡಿಯಲೂ ಬಾರದು. ನಾಲ್ಕು ನಿಮಿಷ, ಮೂರು ನಿಮಿಷ ಅಂತ ಅಂತರ ಹಿಡಿದಿಟ್ಟು ಗಂಟೆಗಟ್ಟಲೆ ಮುಂದೆ ತುಳೀಬೇಕು. ನಡುವೆ ಟೀಮ್ ಕಾರಿನ ಹತ್ತಿರ ಹಿಂದಕ್ಕೆ ಇಳಿದು ನೀರಿನ ಬಾಟಲಿ ತರಬೇಕು. ಜರ್ಸಿಯ ಹಿಂದಿನ ಜೇಬು, ಕತ್ತಿನ ಹತ್ತಿರ ಬೆನ್ನಿನ ಒಳಗೆ, ಎಲ್ಲಾ ಕಡೆ ತುರುಕಿ ಏಳೆಂಟು ಬಾಟಲಿ. ನಾಲ್ಕೈದು ಕಿಲೋ ಹೊತ್ತುಕೊಂಡು, ಅಷ್ಟು ಹೊತ್ತಿಗೆ ಮುಂದೆ ಹೋಗಿರುವ ಗುಂಪನ್ನು ಮತ್ತೆ ಸೇರಬೇಕು. ನಾಯಕನ ಚಕ್ರ ಪಂಕ್ಚರ್ ಆದರೆ ನಿನ್ನದು ಬಿಚ್ಚಿ ಕೊಡು. ಅವನು ಮೂತ್ರಕ್ಕೆ ನಿಂತರೆ ಕಾದು ನಿಂತು ವಾಪಸ್ ಎಳೆದು ತಾ. ಕಿರಿದಾದ ರಸ್ತೆಗೆ ತಿರುಗುವ ಮೊದಲು ಅವನನ್ನು ಮೊದಲ ಇಪ್ಪತ್ತರಲ್ಲಿ ಕೂರಿಸು, ಇಲ್ಲದಿದ್ದರೆ ಯಾರೋ ಬಿದ್ದರೆ ಅವನೂ ಸಿಕ್ಕಿಹಾಕಿಕೊಳ್ಳುತ್ತಾನೆ. ಇದಕ್ಕೆ ಕಾಲಿಗಿಂತ ತಲೆ ಜಾಸ್ತಿ ಬೇಕು. ಯಾವ ಊರಿನಲ್ಲಿ ರಸ್ತೆ ಎಡಕ್ಕೆ ತಿರುಗುತ್ತೆ, ಅಲ್ಲಿಂದ ಗಾಳಿ ಯಾವ ಪಕ್ಕದಿಂದ ಬರುತ್ತೆ, ಎಲ್ಲಾ ಬಾಯಿಪಾಠ ಇರಬೇಕು.

ಹೇಮನ್‌ಗೆ ಒಂದೇ ರೇಸಿನ ಹುಚ್ಚು. ಪ್ಯಾರಿಸ್-ರೂಬೇ. ಹೆಸರಿನಲ್ಲಿ ಪ್ಯಾರಿಸ್ ಇದ್ದರೂ ಹೊರಡೋದು ಕಂಪಿಯೆನ್ ಅನ್ನುವ ಊರಿಂದ. 250 ಕಿಲೋಮೀಟರ್ ಮೇಲೆ, ಅದರಲ್ಲಿ 50 ಕಿಲೋಮೀಟರ್‌ಗೂ ಹೆಚ್ಚು ಹಳೇ ಕಾಲದ ಕಲ್ಲುಹಾಸು. ನಮ್ಮ ಪೇಟೆ ಬೀದಿಯ ಚಪ್ಪಡಿ ಅಂದುಕೊಳ್ಳಬೇಡಿ. ಹೊಲದ ನಡುವೆ ಗಾಡಿ ಓಡಾಡೋಕೆ ಹಾಕಿದ ಉಬ್ಬು ಕಲ್ಲುಗಳು, ನಡುವೆ ಬೆರಳು ತೂರುವಷ್ಟು ಸಂದಿ. ಇಲ್ಲಿ ಅವನು ವರ್ಷಾ ವರ್ಷ ಹೋಗಿ ಯಾರದ್ದೋ ಕೆಲಸ ಮಾಡಿ ಬರುತ್ತಿದ್ದ. ಸ್ಪೇನಿನ ಹುವಾನ್ ಅಂಟೋನಿಯೊ ಫ್ಲೇಚಾ ಜೊತೆ ರಾಬೊಬ್ಯಾಂಕ್‌ನಲ್ಲೂ ಇದ್ದ, ಸ್ಕೈನಲ್ಲೂ ಇದ್ದ. ಫ್ಲೇಚಾ 2007ರಲ್ಲಿ ಎರಡನೇ ಸ್ಥಾನ, 2010ರಲ್ಲಿ ಮೂರನೇ ಸ್ಥಾನ. ಹೇಮನ್‌ನ ಸ್ವಂತ ಒಳ್ಳೇ ಫಲಿತಾಂಶ 2012ರಲ್ಲಿ 8ನೇ ಸ್ಥಾನ.

2016. ವಯಸ್ಸು 37. ಫೆಬ್ರವರಿ ಕೊನೆಯಲ್ಲಿ ಬೆಲ್ಜಿಯಂನ ಓಮ್‌ಲೋಪ್ ರೇಸಿನಲ್ಲಿ ಬಿದ್ದು ಮುಂಗೈ ಮೂಳೆ ಮುರಿಯಿತು. ರೂಬೇಗೆ ಆರು ವಾರ. ಆಯಿತು ಈ ವರ್ಷ ಅಂತ ಎಲ್ಲರೂ ಅಂದುಕೊಂಡರು. ಇವನು ಮನೆಯ ಗ್ಯಾರೇಜಿನಲ್ಲಿ ಟ್ರೇನರ್ ಅನ್ನುವ ಸ್ಟ್ಯಾಂಡ್ ಮೇಲೆ ಸೈಕಲ್ ಕಟ್ಟಿ, ಸ್ವಿಫ್ಟ್ ಹಾಕಿಕೊಂಡು, ಪರದೆ ನೋಡುತ್ತಾ ತುಳಿದ. (ಸ್ವಿಫ್ಟ್ ಕಾರಲ್ಲ ಮೇಡಂ, ಕಂಪ್ಯೂಟರ್‌ನಲ್ಲಿ ರಸ್ತೆ ತೋರಿಸುವ ಆಟ.) ಏಪ್ರಿಲ್ 10ಕ್ಕೆ ಕಂಪಿಯೆನ್‌ನಲ್ಲಿ ಹೊರಟು ನಿಂತ. ಅವನಿಗೆ ಅದು 15ನೇ ರೂಬೇ.

ಬೆಳಿಗ್ಗೆಯೇ ಓಡಿಹೋದ ಗುಂಪಿನಲ್ಲಿ ಇವನೂ ಸೇರಿಕೊಂಡ. ಇದೂ ಎಳೆಯುವವನ ಕೆಲಸವೇ. ಮುಂದೆ ನಮ್ಮವನೊಬ್ಬ ಇದ್ದರೆ ಹಿಂದೆ ತಂಡ ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ. ಹಿಂದೆ ದೊಡ್ಡ ಗುಂಪಿನಲ್ಲಿ ಜನ ಬಿದ್ದರು. ಆಗಿನ ವಿಶ್ವ ಚಾಂಪಿಯನ್ ಸಗಾನ್, ಕ್ಯಾನ್ಸೆಲಾರಾ ಹಿಂದೆ ಉಳಿದರು. ಟಾಮ್ ಬೊನೆನ್ ಮಾತ್ರ ಮುಂದೆ ಬಂದ. ಬೊನೆನ್ ಅಂದರೆ ಬೆಲ್ಜಿಯಂನಲ್ಲಿ ದೇವರು, ಅದಾಗಲೇ ನಾಲ್ಕು ಸಲ ರೂಬೇ ಗೆದ್ದವನು, ಐದನೆಯದು ಗೆದ್ದರೆ ದಾಖಲೆ. ಕೊನೆಗೆ ಐದು ಜನ ಉಳಿದರು: ಬೊನೆನ್, ಸ್ಟ್ಯಾನಾರ್ಡ್, ವಾನ್‌ಮಾರ್ಕ, ಬುವಾಸನ್ ಹಾಗನ್, ಮತ್ತೆ ಈ ಹೇಮನ್. ಟಿವಿ ನೋಡುತ್ತಿದ್ದ ನಾನು ಐದನೆಯವನ ಕಡೆ ಗಮನವನ್ನೇ ಕೊಟ್ಟಿರಲಿಲ್ಲ, ನಿಜ ಹೇಳುತ್ತೇನೆ. ರೂಬೇಯ ವೆಲೊಡ್ರೋಮ್‌ಗೆ, ಅಂದರೆ ರೇಸ್ ಮುಗಿಯುವ ಸೈಕಲ್ ಟ್ರ್ಯಾಕ್‌ಗೆ ಬಂದರು. ಸಾಮಾನ್ಯವಾಗಿ ಸ್ಪ್ರಿಂಟ್‌ನಲ್ಲಿ ಮುಂದೆ ಇರುವವನು ಸೋಲುತ್ತಾನೆ, ಹಿಂದಿನವನು ಗಾಳಿಯ ಮರೆಯಿಂದ ಎದ್ದು ಬರುತ್ತಾನೆ. ಹೇಮನ್ ಮುಂದಿನಿಂದಲೇ ಎದ್ದ. ಬೊನೆನ್ ಹಿಡಿಯೋಕೆ ಆಗಲಿಲ್ಲ.

ಗೆರೆ ದಾಟಿದ ಮೇಲೆ ಅವನ ಮುಖ ನೋಡಬೇಕು. ಖುಷಿ ಅಲ್ಲ ಅದು. ಬಸ್ಸಿನಲ್ಲಿ ಯಾರದೋ ಬ್ಯಾಗ್ ತಪ್ಪಾಗಿ ಎತ್ತಿಕೊಂಡು ಬಂದವನ ಮುಖ.

ಕಾಫಿ_ಆಮೇಲೆ:
ಬ್ಯಾಗ್ ಹೋಲಿಕೆ ಸೂಪರ್ 😀 ಅಲ್ಲಿ ಹಳೇ ಸ್ನಾನದ ಮನೆ ಇದೆ ಅಲ್ವಾ, ಸಿಮೆಂಟಿನ ಗೂಡುಗಳು, ಒಂದೊಂದಕ್ಕೂ ಒಬ್ಬೊಬ್ಬ ಗೆದ್ದವನ ಹೆಸರಿನ ಹಿತ್ತಾಳೆ ಫಲಕ. ಅಲ್ಲಿ ಈಗ ಹೇಮನ್ ಹೆಸರೂ ಇದೆ. ಬಹುಮಾನ ಒಂದು ಕಲ್ಲು, ಅದೇ ರಸ್ತೆಯದ್ದು.

ನೇರ_ಮಾತು:
ಚೆನ್ನಾಗಿ ಬರೆದಿರಿ, ಒಪ್ಪಿದೆ. ಆದರೆ ಇದು ಲಾಟರಿ ಹೊಡೆದವನ ಕಥೆ. ಲಾಟರಿ ಹೊಡೆಯದ ಸಾವಿರ ಜನರ ಕಥೆ ಯಾರು ಹೇಳುತ್ತಾರೆ? ಸುಮ್ನೆ ಕಷ್ಟಪಡು, ಒಂದು ದಿನ ನಿನಗೂ ಬರುತ್ತೆ ಅಂತ ಆ ಹುಡುಗನಿಗೆ ಹೇಳೋದು ಮೋಸ. ರೆನೆ ವಿಯೆಟ್ಟೊ ಕಥೆ ಯಾಕೆ ಬಿಟ್ಟಿರಿ?

ಹಿಂದಿನ_ಚಕ್ರ:
ಬಿಟ್ಟಿದ್ದು ನಿಜ, ನೀವು ಕೇಳ್ತೀರಿ ಅಂತ ಗೊತ್ತಿತ್ತು. 1934ರ ಟೂರ್. ವಿಯೆಟ್ಟೊಗೆ 20 ವರ್ಷ. ಪಿರನೀಸ್‌ನಲ್ಲಿ ಅವನ ತಂಡದ ನಾಯಕ ಆಂತೊನಾಂ ಮಾನ್ಯ ಅನ್ನುವವನು ಚಕ್ರ ಮುರಿದುಕೊಂಡ. ವಿಯೆಟ್ಟೊ ತನ್ನದು ಬಿಚ್ಚಿ ಕೊಟ್ಟ, ತಾನು ರಸ್ತೆ ಪಕ್ಕದ ಗೋಡೆ ಮೇಲೆ ಕೂತು ಅಳುತ್ತಾ ಕಾದ. ಆ ಫೋಟೊ ಈಗಲೂ ಓಡಾಡುತ್ತದೆ. ಮರುದಿನ ಮತ್ತೆ ಅದೇ, ಈ ಸಲ ಮುಂದೆ ಹೋಗಿದ್ದವನು ತಿರುಗಿ ಬಂದು ಸೈಕಲ್ಲನ್ನೇ ಕೊಟ್ಟ. ಮಾನ್ಯ ಟೂರ್ ಗೆದ್ದ, ವಿಯೆಟ್ಟೊ 5ನೆಯವನು. 1939ರಲ್ಲಿ ಎರಡನೇ ಸ್ಥಾನದವರೆಗೆ ಬಂದ. ಟೂರ್ ಮಾತ್ರ ಯಾವತ್ತೂ ಗೆಲ್ಲಲಿಲ್ಲ.

ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ವಿಯೆಟ್ಟೊ ಗೆಲ್ಲುವ ಕಾಲಿದ್ದ ಹುಡುಗ, ಅವನ ಕೈಯಿಂದ ಕಿತ್ತುಕೊಂಡ ಹಾಗಾಯಿತು. ಹೇಮನ್‌ಗೆ ಮೊದಲಿಂದಲೂ ತಾನು ಏನು ಅಂತ ಗೊತ್ತಿತ್ತು. ಅದು ಅವನ ಕಸುಬು, ಸಂಬಳ ತೆಗೆದುಕೊಂಡು ಮಾಡಿದ. ಆ ಗೆಲುವನ್ನೂ ನಾನು ಲಾಟರಿ ಅನ್ನಲ್ಲ. 14 ಸಲ ಬೇರೆಯವರಿಗೋಸ್ಕರ ಆ ಕಲ್ಲಿನ ಮೇಲೆ ಹೋದವನಿಗೆ ಎಲ್ಲಿ ಸುಮ್ಮನಿರಬೇಕು, ಎಲ್ಲಿ ಎದ್ದು ತುಳೀಬೇಕು ಗೊತ್ತಿರುತ್ತದೆ. ಅದು ಗೆಲ್ಲದೇ ಹೋಗಿದ್ದರೂ ಅವನು ಒಳ್ಳೇ ಕಸುಬುದಾರನೇ. ಗೆದ್ದ ಮೇಲೂ ಅದೇ ಕೆಲಸಕ್ಕೆ ವಾಪಸ್ ಹೋದ ನೋಡಿ. 2019ರ ಜನವರಿಯಲ್ಲಿ ಆಸ್ಟ್ರೇಲಿಯಾದ ಟೂರ್ ಡೌನ್ ಅಂಡರ್ ರೇಸಿನಲ್ಲಿ ನಿವೃತ್ತಿ. ಆ ರೇಸ್ ಗೆದ್ದವನು ಅವನದೇ ತಂಡದ ಡ್ಯಾರಿಲ್ ಇಂಪಿ. ಕೊನೆಯ ದಿನವೂ ಇನ್ನೊಬ್ಬನನ್ನು ಗೆಲ್ಲಿಸಿ ಇಳಿದ. ಆಮೇಲೆ ಟೀಮ್ ಕಾರಿನಲ್ಲಿ ಕೂತು ಹುಡುಗರಿಗೆ ದಾರಿ ಹೇಳೋಕೆ ಶುರು ಮಾಡಿದ.

ಕಾಫಿ_ಆಮೇಲೆ:
ಹೆಂಗಸರಲ್ಲೂ ಇದ್ದಾರೆ ಅಂತ ಸೇರಿಸಿ. ಲಕ್ಸೆಂಬರ್ಗ್‌ನ ಕ್ರಿಸ್ಟೀನ್ ಮಜೆರಸ್ 2014ರಿಂದ 2024ರವರೆಗೆ ಒಂದೇ ತಂಡದಲ್ಲಿ ಎಳೆದಳು. ತನ್ನ ದೇಶದ ಚಾಂಪಿಯನ್ ಎಷ್ಟು ಸಲ ಆದಳೋ, ದೊಡ್ಡ ರೇಸಿನಲ್ಲಿ ಮಾತ್ರ ಬೇರೆಯವರ ಬಾಟಲಿ. ಮತ್ತೆ 2021ರ ಟೂರ್‌ನಲ್ಲಿ ಟಿಮ್ ಡೆಕ್ಲರ್ಕ್! ಅಡ್ಡಹೆಸರೇ ಟ್ರ್ಯಾಕ್ಟರ್. ದಿನವಿಡೀ ಗುಂಪನ್ನು ಅವನೇ ಎಳೀತಿದ್ದ. ಅವನದೇ ತಂಡದ ಕ್ಯಾವೆಂಡಿಶ್ ನಾಲ್ಕು ದಿನ ಗೆದ್ದು, ಟೂರ್‌ನಲ್ಲಿ 34 ದಿನ ಗೆದ್ದಿದ್ದ ಮರ್ಕ್ಸ್‌ನ ದಾಖಲೆ ಸರಿಗಟ್ಟಿದ. ಟ್ರ್ಯಾಕ್ಟರ್ ಇಡೀ ಟೂರ್‌ನಲ್ಲಿ ಕೊನೆಯವನು, 141ನೇ ಸ್ಥಾನ. ಮೇಡಂ, 23 ತುಂಬಾ ಒಳ್ಳೇ ಸ್ಥಾನ 😀

ಲೆಕ್ಕದ_ಮೇಷ್ಟ್ರು:
ಸೆಪ್ ಕುಸ್‌ನ ಮರೆಯಬೇಡಿ. 2023ರಲ್ಲಿ ತನ್ನ ತಂಡದ ರೋಗ್ಲಿಚ್‌ಗೆ ಇಟಲಿಯ ಜಿರೋ, ವಿಂಗೆಗೋರ್‌ಗೆ ಟೂರ್ ಗೆಲ್ಲೋಕೆ ಎಳೆದ. ಅದೇ ವರ್ಷ ಸ್ಪೇನಿನ ವುವೆಲ್ಟಾದಲ್ಲಿ ತಾನೇ ಎಲ್ಲರಿಗಿಂತ ಮುಂದಿರುವವನು ಹಾಕುವ ಕೆಂಪು ಜರ್ಸಿಯಲ್ಲಿ ಇದ್ದ. ಆಂಗ್ಲಿರು ಬೆಟ್ಟದಲ್ಲಿ ಆ ಇಬ್ಬರು ಇವನನ್ನು ಹಿಂದೆ ಬಿಟ್ಟು ಹೋದರು! ಸಂಜೆಗೆ ಇವನಿಗೆ ಉಳಿದಿದ್ದು 8 ಸೆಕೆಂಡ್ ಮುನ್ನಡೆ. ಜನ ಬೈದರು. ಆಮೇಲೆ ತಂಡ ಇವನ ಹಿಂದೆ ನಿಂತಿತು, ಕೊನೆಗೆ 17 ಸೆಕೆಂಡಿನಲ್ಲಿ ಗೆದ್ದ. ನನಗೆ ಆ ಆಂಗ್ಲಿರು ದಿನ ಈಗಲೂ ಸರಿ ಅನ್ನಿಸಿಲ್ಲ. ವರ್ಷವಿಡೀ ನೀರು ಕೊಟ್ಟವನಿಗೆ ಒಂದು ದಿನ ಕಾಯೋಕೆ ಆಗಲಿಲ್ಲವಾ?

ಬಿಜಾಪುರ_ಗಾಳಿ:
ಅದೇ ನೋಡ್ರಿ. ಕಲ್ಲು ಅಂದಿದ್ದು ಅದಕ್ಕೇ.

ಅಕ್ಕಾರ, ಒಂದು ಮಾತು. ಎಳೆಯೋದು ತಪ್ಪಲ್ಲ, ಅದರಲ್ಲಿ ಕಲಿಯೋದು ಬಹಳ ಇದೆ. ಗುಂಪಿನ ಒಳಗೆ ಕೂತವನಿಗೆ ರೇಸ್ ಕಾಣೋದಿಲ್ಲ, ಮುಂದೆ ಇರುವವನಿಗೇ ಕಾಣೋದು. ಆದರೆ 15 ವರ್ಷಕ್ಕೆ ಒಬ್ಬನೇ ಯಾವಾಗಲೂ ಎಳೆಯುವವನು ಆಗಬಾರದು. ಈ ವಾರ ಇವನು ಎಳೆದರೆ ಮುಂದಿನ ವಾರ ಅವನು ಎಳೆಯಲಿ. ಯಾರು ಏನು ಆಗ್ತಾರೆ ಅಂತ ಈಗಲೇ ಯಾರಿಗೆ ಗೊತ್ತು? ಕೋಚ್ ಹತ್ತಿರ ಜಗಳ ಮಾಡಬೇಡಿ, ಪಾಳಿ ಇದೆಯಾ ಅಂತ ಅಷ್ಟೇ ಕೇಳಿ. ನಮ್ಮ ಮನೆಯವರು ಯಾರೂ ನನ್ನ ಪರವಾಗಿ ಕೇಳಲಿಲ್ಲ, ಅವರಿಗೆ ಕೇಳಬೇಕು ಅಂತಲೂ ಗೊತ್ತಿರಲಿಲ್ಲ.

ನೇರ_ಮಾತು:
ಇದು ಸರಿಯಾದ ಮಾತು. ಜೀತ ಅಂದಿದ್ದು ವಾಪಸ್ ತಗೋತೀನಿ, ದೊಡ್ಡವರ ವಿಷಯದಲ್ಲಿ ಮಾತ್ರ.

ಪಂಕ್ಚರ್‌ಅಮ್ಮ:
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ಮನೆಯಲ್ಲಿ ನೆಂಟರು. ಎಲ್ಲರಿಗೂ ಥ್ಯಾಂಕ್ಸ್. ಬಿಜಾಪುರದ ಅಣ್ಣ, ನೀವು ಹೇಳಿದ ಹಾಗೆಯೇ ಫೋನ್ ಮಾಡಿ ಪಾಳಿ ಬಗ್ಗೆ ಕೇಳಿದೆ. ಕೋಚ್ ಒಂದು ಕ್ಷಣ ಸುಮ್ಮನಾದರು, ಆಮೇಲೆ ಮುಂದಿನ ತಿಂಗಳ ರೇಸ್‌ಗೆ ನೋಡೋಣ ಅಂದರು. ನೋಡೋಣ ಅಂದರೆ ಏನರ್ಥ ಅಂತ ನಮಗೆಲ್ಲ ಗೊತ್ತು, ನಾನೂ ಬಿಡೋದಿಲ್ಲ.

ನಿನ್ನೆ ರಾತ್ರಿ ಮಗನ ಜೊತೆ ಕೂತು 2016ರ ರೂಬೇ ವಿಡಿಯೊ ನೋಡಿದೆ. ಹತ್ತು ನಿಮಿಷದ್ದು ಅಂದುಕೊಂಡಿದ್ದೆ, ಅವನು ಎರಡು ಗಂಟೆಯದ್ದು ಹಾಕಿದ. ಕೊನೆಯ ಸ್ಪ್ರಿಂಟ್‌ನಲ್ಲಿ ನಾನು ಕಿರುಚಿದೆ, ಅವನು ಕಿರುಚಲಿಲ್ಲ. ವಿಡಿಯೊ ಹಿಂದಕ್ಕೆ ಎಳೆದ. ಬೊನೆನ್ ಮುಂದೆ ಒಬ್ಬ ತಲೆ ತಗ್ಗಿಸಿ ಕಿಲೋಮೀಟರ್‌ಗಟ್ಟಲೆ ತುಳೀತಾನೆ, ಆಮೇಲೆ ಕ್ಯಾಮೆರಾದಿಂದಲೇ ಮಾಯ ಆಗ್ತಾನೆ. ಅವನು ಯಾರು ಅಂತ ಕೇಳುತ್ತಿದ್ದಾನೆ.

ಹಿಂದಿನ_ಚಕ್ರ:
ಟೋನಿ ಮಾರ್ಟಿನ್. ಜರ್ಮನಿಯವನು. ಆಗಲೇ ಮೂರು ಸಲ ಟೈಮ್ ಟ್ರಯಲ್ (ಒಬ್ಬೊಬ್ಬನೇ ಗಡಿಯಾರದ ವಿರುದ್ಧ ತುಳಿಯೋದು) ವಿಶ್ವ ಚಾಂಪಿಯನ್.

ಪಂಕ್ಚರ್‌ಅಮ್ಮ:
ಹೇಳಿದೆ. "ವಿಶ್ವ ಚಾಂಪಿಯನ್ನೇ ಎಳೀತಾನಾ?" ಅಂದ. ಮತ್ತೆ ಹಿಂದಕ್ಕೆ ಎಳೆದು ನೋಡ್ತಾ ಇದ್ದಾನೆ. ನಾಳೆ ಸ್ಕೂಲ್ ಇದೆ, ಹನ್ನೊಂದು ಗಂಟೆ ಆಯಿತು.